ಕೊನೆಯ ಹೆಜ್ಜೆಯಿಂದ ಶುರು

ಪಾಲಬಾವಿಯಲ್ಲಿ ನಾನು ಕಲಿಸಿದವರ ಪೈಕಿ ಕೆಲಸ ಬಾರದವರು ಒಬ್ಬರೂ ಇರಲಿಲ್ಲ. ಬುದ್ಧಿಮಾಂದ್ಯರೆಂದರೆ ಮನೆಯ ಮೂಲೆಯಲ್ಲಿ ಸುಮ್ಮನೆ ಕೂತಿರುವವರು ಎಂದು ಪೇಟೆಯ ಜನ ತಿಳಿದಿರುತ್ತಾರೆ. ನೀರಾವರಿ ಸೀಮೆಯಲ್ಲಿ ಹಾಗೆ ಕೂರುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಘಟಪ್ರಭಾ ಎಡದಂಡೆ ಕಾಲುವೆಯ ನೀರುಂಡ ಈ ರಾಯಬಾಗ ತಾಲೂಕಿನ ಹೊಲಗಳಲ್ಲಿ ಕಬ್ಬು, ಅರಿಸಿನ, ಗೋವಿನಜೋಳ ವರ್ಷವಿಡೀ ಆಳು ಬೇಡುತ್ತವೆ. ಹಾಗಾಗಿ ಒಬ್ಬ ನಸುಕಿನಲ್ಲೇ ಎದ್ದು ಎಮ್ಮೆಗೆ ಕಬ್ಬಿನ ಸೋಗೆ ಹೊತ್ತು ತರುತ್ತಿದ್ದ. ಇನ್ನೊಬ್ಬ ಆಡು ಕಾಯುತ್ತಿದ್ದ. ಒಬ್ಬಾಕೆ ಹತ್ತು ಜನರಿರುವ ಮನೆಯ ಅರಿವೆಯೆಲ್ಲ ಒಗೆದು ಹಾಕುತ್ತಿದ್ದಳು, ಭಾಂಡೆ ತಿಕ್ಕುತ್ತಿದ್ದಳು.

ಆದರೆ ಇವರೆಲ್ಲರ ಪಾಲಿಗೆ ಬಂದದ್ದು ಕೆಲಸದ ನಡುವಿನ ತುಂಡು ಮಾತ್ರ. ಸೋಗೆ ಹೊತ್ತವನೇ ಹಾಲಿನ ಕ್ಯಾನನ್ನೂ ಡೈರಿಗೆ ಹೊತ್ತು ಹಾಕುತ್ತಿದ್ದ, ಡೈರಿಯ ಪುಸ್ತಕ ಮಾತ್ರ ಅಣ್ಣನ ಕಿಸೆಯಲ್ಲಿರುತ್ತಿತ್ತು. ಆಡು ಕಾಯುವವನಿಗೆ ಆಡು ಮಾರಿದ ಸುದ್ದಿ ಸಂಜೆ ಗೂಟ ಖಾಲಿ ಕಂಡಾಗ ತಿಳಿಯುತ್ತಿತ್ತು. ಅರಿವೆ ಒಗೆಯುವಾಕೆ ಉಡುವ ಸೀರೆಯನ್ನು ಆಕೆ ಎಂದೂ ಅಂಗಡಿಯಲ್ಲಿ ಕೈಯಾಡಿಸಿ ಆರಿಸಿದ್ದಿಲ್ಲ. ಇದು ಕ್ರೌರ್ಯವಲ್ಲ. ಬಹುತೇಕ ಮನೆಗಳಲ್ಲಿ ಇದು ಕರುಳಿನಿಂದಲೇ ಹುಟ್ಟಿದ್ದು, 'ಅದಕ್ಕೇನ್ ತಿಳೀತೈತ್ರೀ ಪಾಪ' ಎಂಬ ಕನಿಕರ. ಆ ಕನಿಕರದ ಅಡಿಯಲ್ಲೇ ಮೂವತ್ತು, ನಲವತ್ತು ವರ್ಷದ ಮನುಷ್ಯ ತನ್ನ ದುಡಿಮೆಯ ಫಲವನ್ನು ಒಮ್ಮೆಯೂ ತನ್ನ ಕೈಯಿಂದ ಮುಟ್ಟದೆ ಮುದುಕನಾಗುತ್ತಾನೆ. ನನ್ನ ಇಷ್ಟು ವರ್ಷಗಳ ಕೆಲಸವೆಲ್ಲ ಈ ಒಂದು ಅನ್ಯಾಯದ ಸುತ್ತಲೇ ನಡೆಯಿತು.

ನಾನು ಆ ಊರಿಗೆ ಮೊದಲು ಹೋದದ್ದು ಮಕ್ಕಳಿಗಾಗಿ. ಸರ್ವ ಶಿಕ್ಷಣ ಅಭಿಯಾನದಲ್ಲಿ ವಿಶೇಷ ಶಿಕ್ಷಕಿಯಾಗಿ, ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವುದು ನನ್ನ ಪಾಲಿನ ಕೆಲಸ. ಇದಕ್ಕೆ ಗೃಹಾಧಾರಿತ ಶಿಕ್ಷಣ ಎನ್ನುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಹದಿನೆಂಟು ತುಂಬಿತೋ, ಹಾಜರಿ ಪುಸ್ತಕದಿಂದ ಹೆಸರು ಹೋಗುತ್ತದೆ, ಮನೆಗೆ ಬರುವ ಅಕ್ಕೋರೂ ನಿಲ್ಲುತ್ತಾರೆ. ಉಳಿದ ಮಕ್ಕಳು ಹದಿನೆಂಟಕ್ಕೆ ಕಾಲೇಜು, ದುಡಿಮೆ, ಮದುವೆ ಎಂದು ಬದುಕಿಗೆ ಕಾಲಿಡುತ್ತಾರೆ. ಈ ಮಕ್ಕಳ ಪಾಲಿಗೆ ಅದೇ ವಯಸ್ಸಿಗೆ ಬಾಗಿಲು ಮುಚ್ಚುತ್ತದೆ. ನಿಧಾನ ಕಲಿಯುವವರಿಗೆ ಹೆಚ್ಚು ವರ್ಷ ಬೇಕು ಎನ್ನುವುದು ಯಾರಿಗಾದರೂ ಹೊಳೆಯುವ ಸಂಗತಿ. ನಮ್ಮ ವ್ಯವಸ್ಥೆ ಮಾತ್ರ ಎಲ್ಲರಿಗೂ ಒಂದೇ ಅಳತೆಯ ಗೆರೆ ಎಳೆದಿದೆ.

'ಇನ್ನ ನೀವ್ ಬರಾಂಗಿಲ್ಲೇನ್ರಿ ಅಕ್ಕೋರ?' ಎಂದು ಒಬ್ಬ ತಾಯಿ ಕೇಳಿದಾಗ ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಭಾನುವಾರ ಬರುತ್ತೇನೆ ಎಂದೆ. ಬಂದೆ. ಒಬ್ಬರು ಇಬ್ಬರಾದರು, ತೋಟದ ವಸ್ತಿಗಳಿಂದಲೂ ಬರತೊಡಗಿದರು. ಯಾವ ಓಣಿಯಲ್ಲಿ ಯಾರಿದ್ದಾರೆ ಎಂದು ಬಲ್ಲವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು. ಪಂಚಾಯಿತಿಗೊಬ್ಬರಂತೆ ಸರ್ಕಾರ ನೇಮಿಸಿಕೊಂಡ ಈ ಕಾರ್ಯಕರ್ತರಲ್ಲಿ ಹೆಚ್ಚಿನವರು ತಾವೇ ವಿಕಲಚೇತನರು, ಸಿಗುವ ಗೌರವಧನ ಅಲ್ಪ. ಪೋಲಿಯೋದಿಂದ ಕಾಲು ಸೋತ ಆ ಊರಿನ ಕಾರ್ಯಕರ್ತ ತನ್ನ ಮೂರು ಗಾಲಿಯ ಗಾಡಿಯಲ್ಲಿ ಮುಂದೆ, ನಾನು ಹಿಂದೆ. ಆತ ಬಾಗಿಲಲ್ಲಿ ನಿಂತು ಕರೆದರೆ ತೆರೆಯದ ಮನೆಯಿರಲಿಲ್ಲ.

ಕಲಿಸುವ ವಿದ್ಯೆಯ ಬಗ್ಗೆ ನಾಲ್ಕು ಮಾತು. 1984ರಲ್ಲಿ ಸಿಕಂದರಾಬಾದಿನಲ್ಲಿ ಶುರುವಾದ ರಾಷ್ಟ್ರೀಯ ಬುದ್ಧಿಮಾಂದ್ಯರ ಸಂಸ್ಥೆಯ ಕೈಪಿಡಿಗಳು ನಮ್ಮಂಥ ಶಿಕ್ಷಕರಿಗೆಲ್ಲ ಆಧಾರ. ಅದಕ್ಕೂ ಹಳೆಯದು ಮದ್ರಾಸಿನಲ್ಲಿ ರೂಪುಗೊಂಡ ಒಂದು ಪರಿಶೀಲನಾ ಪಟ್ಟಿ. ಅದರಲ್ಲಿ ಹದಿನೆಂಟು ವಿಭಾಗ, ಒಂದೊಂದರಲ್ಲಿ ಇಪ್ಪತ್ತು ಅಂಶ, ಒಟ್ಟು 360. ಉಣ್ಣುವುದು, ಉಡುವುದು, ಮೈತೊಳೆಯುವುದು, ಮನೆಗೆಲಸ, ದುಡ್ಡು, ವೇಳೆ, ಹೀಗೆ ಬದುಕು ಪೂರ್ತಿ ಅದರಲ್ಲಿ ಹರಡಿಕೊಂಡಿದೆ. ಪ್ರತಿ ಅಂಶಕ್ಕೂ ಮಾಡುತ್ತಾನೆ, ಮಾಡುವುದಿಲ್ಲ ಎಂಬ ಎರಡೇ ಉತ್ತರ. ತಾಯಂದಿರ ಜತೆ ಕೂತು ಆ ಪಟ್ಟಿ ತುಂಬುವುದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು. 'ಏನೂ ಬರಂಗಿಲ್ರಿ' ಎಂದು ಮಾತು ಶುರು ಮಾಡಿದ ತಾಯಿ, 'ಅದ್ ಬರ್ತೈತಿ... ಹೂಂ, ಅದನೂ ಮಾಡ್ತಾನ' ಎನ್ನುತ್ತ ತಾನೇ ಬೆರಗಾಗುತ್ತಿದ್ದಳು.

ಒಂದು ವಿಷಯದಲ್ಲಿ ನಾನು ಮೊದಲಿನಿಂದ ಹಟ ಹಿಡಿದೆ. ಮೀಸೆ ಬಂದ ಗಂಡಸಿನ ಮುಂದೆ ಬಣ್ಣದ ಮಣಿ, ಪ್ಲಾಸ್ಟಿಕ್ ಬಳೆ, ಅಂಗನವಾಡಿಯ ಚಿತ್ರಪಟ ಇಡಬಾರದು. ಬುದ್ಧಿಯ ವಯಸ್ಸು ಐದು ಎಂದು ಯಾವುದೋ ಪರೀಕ್ಷೆ ಹೇಳಿದರೂ ಆತ ಬದುಕಿದ್ದು ನಲವತ್ತು ವರ್ಷ. ನಲವತ್ತು ಮಳೆಗಾಲ ನೋಡಿದ್ದಾನೆ, ಅಪ್ಪನ ಮಣ್ಣು ಮಾಡಿದ್ದಾನೆ. ಅವನಿಗೆ ಬೇಕಾದದ್ದು ನಿಜವಾದ ಒಲೆ, ನಿಜವಾದ ನೋಟು, ನಿಜವಾದ ಬಸ್ಸು.

ರೊಟ್ಟಿಯಿಂದ ಶುರುವಾಯಿತು. ಅರಿವೆ ಒಗೆಯುತ್ತಿದ್ದ ಆ ಹೆಣ್ಣುಮಗಳಿಗೆ ಒಲೆ ನಿಷಿದ್ಧ. 'ಕೈ ಸುಟ್ಕೊಂಡಾಳ್ರಿ' ಎಂದು ತಾಯಿ ಹತ್ತಿರ ಬಿಡುತ್ತಿರಲಿಲ್ಲ. ನಮ್ಮ ಕಡೆ ಹೆಣ್ಣೊಬ್ಬಳಿಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂದರೆ ಅವಳ ಬಗ್ಗೆ ಮುಂದೆ ಕೇಳುವುದೇ ಇಲ್ಲ, ಅಲ್ಲಿಗೆ ಮಾತು ಮುಗಿಯಿತು. (ಗಂಡಸರಿಗೂ ಕಲಿಸಿದೆ. ಒಬ್ಬನೇ ಉಳಿಯುವ ಗಂಡಸಿಗೂ ಹಸಿವಾಗುತ್ತದೆ.) ಹಿಟ್ಟಿನಿಂದ ಶುರು ಮಾಡಿದರೆ ಎಸರಿನ ಹದ, ನಾದುವ ಬಿಗಿ, ಮುಟಗಿ ಕಟ್ಟುವ ಅಳತೆ, ಬಡಿಯುವ ಲಯ, ಹೀಗೆ ಹೆಜ್ಜೆ ಹೆಜ್ಜೆಗೂ ಸೋಲು. ಕೊನೆಗೆ ರೊಟ್ಟಿ ಹರಿದು ಹಂಚಿಗೆ ಅಂಟುತ್ತದೆ, ಸುತ್ತ ಕೂತವರು ನಗುತ್ತಾರೆ, ಆಕೆ ಎದ್ದು ಹೋಗುತ್ತಾಳೆ.

ಅದಕ್ಕೆ ನಾವು ಹಿಂದುಮುಂದಾಗಿ ಕಲಿಸುತ್ತೇವೆ. ತಾಯಿ ಎಲ್ಲ ಮಾಡಿದಳು, ನಾದಿದಳು, ಬಡಿದಳು, ಬೇಯಿಸಿದಳು. ಬೆಂದ ರೊಟ್ಟಿಯನ್ನು ಹಂಚಿನಿಂದ ತೆಗೆದು ಬುಟ್ಟಿಗೆ ಹಾಕುವುದಷ್ಟೇ ಮಗಳ ಕೆಲಸ. ಅದು ಗಟ್ಟಿಯಾದ ಮೇಲೆ ಅದರ ಹಿಂದಿನ ಹೆಜ್ಜೆ: ತಿರುವಿ ಹಾಕಿದ ರೊಟ್ಟಿಯ ಅಂಚನ್ನು ಅರಿವೆಯಿಂದ ಒತ್ತಿ ಉಬ್ಬಿಸುವುದು. ಆಮೇಲೆ ತಿರುವುವುದು. ಆಮೇಲೆ ಮೇಲ್ಮೈಗೆ ನೀರು ಸವರುವುದು. ಹೀಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತ ಹಿಟ್ಟಿನ ಡಬ್ಬಿಯವರೆಗೆ. ಈ ದಾರಿಯಲ್ಲಿ ಏನಾಗುತ್ತದೆಂದರೆ, ಕಲಿಯುವವರು ಮೊದಲ ದಿನದಿಂದಲೇ ಕೆಲಸ ಮುಗಿಸುವವರಾಗುತ್ತಾರೆ. ಬುಟ್ಟಿಗೆ ಬಿದ್ದ ರೊಟ್ಟಿ ಆಕೆಯ ಕೈಯಿಂದ ಬಿದ್ದದ್ದು. ಆ ಸಂಜೆ ಅಪ್ಪ ಉಂಡ ರೊಟ್ಟಿಯನ್ನು ಆಕೆ ಬಾಗಿಲಲ್ಲಿ ನಿಂತು ನೋಡಿದ ರೀತಿ ತಾಯಿಯ ಕಣ್ಣಿಗೂ ಬಿತ್ತು. ಅಲ್ಲಿಂದ ಮುಂದೆ 'ಬ್ಯಾಡ್ರಿ' ಎನ್ನುವ ಮಾತು ಆ ಮನೆಯಲ್ಲಿ ಕಡಿಮೆಯಾಯಿತು.

ಕೈ ಹಿಡಿದು ಕಲಿಸುವುದಕ್ಕೂ ಒಂದು ಕ್ರಮ ಇದೆ. ಮೊದಲು ಅವರ ಅಂಗೈ ಮೇಲೆ ನಮ್ಮ ಅಂಗೈ. ಆಮೇಲೆ ಮಣಿಕಟ್ಟು ಹಿಡಿಯುವುದು, ಆಮೇಲೆ ಮೊಣಕೈ. ಆಮೇಲೆ ಬೆರಳು ಮಾಡಿ ತೋರಿಸುವುದಷ್ಟೇ. ಕೊನೆಗೆ ಬರೀ ಪಕ್ಕದಲ್ಲಿ ನಿಲ್ಲುವುದು, ಅದಾದ ಮೇಲೆ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂರುವುದು. ತಾಯಂದಿರಿಗೆ ಮೊದಲಿನದು ಸಲೀಸು, ಕೊನೆಯದು ಬಹಳ ಕಷ್ಟ. ಮಗಳು ತಡವರಿಸಿದ ಕೂಡಲೇ ತಾಯಿಯ ಕೈ ತಾನಾಗಿ ಮುಂದೆ ಬರುತ್ತದೆ. ಆ ತಾಯಿಗೆ ನಾನು ಒಂದು ಮಾತು ಹೇಳುತ್ತಿದ್ದೆ: 'ಮನಸ್ಸಿನ್ಯಾಗ ಹತ್ತು ಎಣಸ್ರಿ, ಆಮ್ಯಾಲೆ ಕೈ ಮಾಡ್ರಿ.' ಹತ್ತು ಎಣಿಸುವುದರೊಳಗೆ ಹೆಚ್ಚಿನ ಸಲ ಮಗಳೇ ಮಾಡಿ ಮುಗಿಸಿರುತ್ತಿದ್ದಳು. ಮೂರ್ಛೆ ಬರುವವರ ವಿಷಯ ಮಾತ್ರ ಬೇರೆ. ಅವರಿಗೆ ಒಲೆಯ ಮುಂದೆ ಒಬ್ಬರೇ ಕೂರುವುದನ್ನಾಗಲೀ, ಕಾಲುವೆಯ ದಂಡೆಗೆ ಒಬ್ಬರೇ ಹೋಗುವುದನ್ನಾಗಲೀ ನಾನು ಯಾವತ್ತೂ ಕಲಿಸಲಿಲ್ಲ. ಗುಳಿಗೆಯನ್ನು ತಪ್ಪದೆ ನೆನಪಿಟ್ಟು ನುಂಗುವುದೇ ಅವರ ಮೊದಲ ಪಾಠ.

ನಿಧಾನ ಕಲಿಯುವವರಿಗೆ ಕಠಿಣ ಕೆಲಸ ಬರುವುದಿಲ್ಲ ಎಂಬ ನಂಬಿಕೆಯನ್ನು ಅಮೆರಿಕದ ಮಾರ್ಕ್ ಗೋಲ್ಡ್ ಎಂಬ ಶಿಕ್ಷಕ 1970ರ ದಶಕದಲ್ಲೇ ಮುರಿದರು. ತೀವ್ರ ಬುದ್ಧಿಮಾಂದ್ಯರೆಂದು ಬದಿಗಿಟ್ಟವರಿಗೆ ಸೈಕಲ್ಲಿನ ಬ್ರೇಕ್ ಜೋಡಿಸುವುದನ್ನು ಅವರು ಕಲಿಸಿದರು. ಮೊದಲು ಹದಿನೈದು ಬಿಡಿಭಾಗಗಳ ಬ್ರೇಕ್, ಆಮೇಲೆ ಇಪ್ಪತ್ತನಾಲ್ಕು ಭಾಗಗಳದ್ದು. ಕಲಿಯುವವನು ಕಲಿಯದಿದ್ದರೆ ಕಲಿಸುವ ರೀತಿ ಬದಲಾಗಬೇಕು ಎಂಬುದು ಅವರ ನಿಲುವು. ತರಬೇತಿಯಲ್ಲಿ ಈ ಸಂಗತಿ ಕೇಳಿದಾಗ ನನಗೆ ನೆನಪಾದವನು ಸೋಗೆ ಹೊರುವ ಆ ಯುವಕ. ಅವನು ನೂರಾರು ಸಲ ಎಮ್ಮೆಯ ಕಣ್ಣಿಯ ಗಂಟು ಬಿಚ್ಚಿ ಕಟ್ಟಿದವನು. ಆ ಗಂಟು ನನಗೆ ಇವತ್ತಿಗೂ ಬರುವುದಿಲ್ಲ.

ದುಡ್ಡಿನ ಪಾಠದ ಕತೆ ಉದ್ದ. ಅಂಕಿ ಬಾರದವರಿಗೆ ನೋಟನ್ನು ಬಣ್ಣದಿಂದ ಕಲಿಸುವುದು ಎಲ್ಲರ ರೂಢಿ, ನಾನೂ ಹಾಗೇ ಕಲಿಸಿದ್ದೆ. ನೇರಳೆ ಅಂದರೆ ಐವತ್ತು, ನೀಲಿ ಅಂದರೆ ನೂರು. ಕಿರಾಣಿ ಅಂಗಡಿಗೆ ಹೋಗಿ ಸಕ್ಕರೆ, ಚಹಾಪುಡಿ ತರುವಷ್ಟು ಕೆಲವರು ತಯಾರಾಗಿದ್ದರು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದವು. ಬ್ಯಾಂಕಿನ ಮುಂದೆ ಊರೇ ಸಾಲು ನಿಂತಿತು. ಸಾವಿರದ ನೋಟು ಈ ಜನರ ಕೈಗೆ ಹೇಗೂ ಬರುತ್ತಿರಲಿಲ್ಲವಾದ್ದರಿಂದ ಆ ಪೆಟ್ಟು ಅವರಿಗೆ ಅಷ್ಟು ತಾಕಲಿಲ್ಲ. ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. 2017ರ ಆಗಸ್ಟಿನಲ್ಲಿ ಹೊಸ ಐವತ್ತು ಬಂತು, ಹೊಳೆಯುವ ನೀಲಿ. 2018ರ ಜುಲೈನಲ್ಲಿ ಹೊಸ ನೂರು ಬಂತು, ತಿಳಿ ನೇರಳೆ. ಅಂದರೆ ನೀಲಿ ನೂರಿದ್ದದ್ದು ನೀಲಿ ಐವತ್ತಾಯಿತು, ನೇರಳೆ ಐವತ್ತಿದ್ದದ್ದು ನೇರಳೆ ನೂರಾಯಿತು. ಹಳೆಯ ನೋಟುಗಳೂ ರದ್ದಾಗಲಿಲ್ಲ, ಎರಡೂ ಒಟ್ಟಿಗೇ ಚಲಾವಣೆಯಲ್ಲಿ. ಬಣ್ಣ ಆರಿಸಿದವರಿಗೆ ಪಾಲಬಾವಿಯ ಒಂದು ಅಂಗಡಿಯ ಮುಂದೆ ಒಬ್ಬ ಮನುಷ್ಯ ನೋಟು ಹಿಡಿದು ಹೀಗೆ ಗಲಿಬಿಲಿಗೊಂಡು ನಿಲ್ಲುತ್ತಾನೆ ಎಂದು ಹೊಳೆದಿರಲಾರದು. ವರ್ಷಗಟ್ಟಲೆ ಕಷ್ಟಪಟ್ಟು ಗಳಿಸಿದ ತಿಳಿವಳಿಕೆ ಹೀಗೆ ಅವನ ಕೈಯಲ್ಲೇ ತಿರುವುಮುರುವಾಯಿತು. ಕಂಗಾಲಾದ ಅವನು ಅಂಗಡಿಗೆ ಹೋಗುವುದನ್ನೇ ಬಿಟ್ಟ.

ಬೇರೆ ದಾರಿ ಹುಡುಕಿದೆವು. ಹೊಸ ನೋಟುಗಳ ಅಗಲ ಹೆಚ್ಚುಕಡಿಮೆ ಒಂದೇ: ಹತ್ತರದ್ದು 63 ಮಿಲಿಮೀಟರ್, ಐವತ್ತು, ನೂರು, ಐನೂರರದ್ದು 66. ಉದ್ದ ಮಾತ್ರ ಬೇರೆ ಬೇರೆ: ಹತ್ತರದ್ದು 123, ಐವತ್ತರದ್ದು 135, ನೂರರದ್ದು 142, ಐನೂರರದ್ದು 150. ರಟ್ಟಿನ ಒಂದು ಪಟ್ಟಿ ಮಾಡಿ, ಎಡತುದಿಗೆ ಒಂದು ಅಡ್ಡಪಟ್ಟಿ ಅಂಟಿಸಿ, ಪ್ರತಿ ನೋಟು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಗೆರೆ ಎಳೆದೆವು. ನೋಟನ್ನು ಎಡಕ್ಕೆ ತಾಗಿಸಿ ಇಟ್ಟು ಬಲತುದಿ ಯಾವ ಗೆರೆಗೆ ಬಂತು ನೋಡುವುದು. ಗೆರೆಯ ಪಕ್ಕದಲ್ಲಿ ಒಂದು ಚಿತ್ರ. ಹೊಸ ಐವತ್ತರ ಹಿಂಬದಿ ಹಂಪಿಯ ಕಲ್ಲಿನ ತೇರು ಇದೆ. ಜಾತ್ರೆಯಲ್ಲಿ ತೇರು ಎಳೆದ ಕೈಗಳಿಗೆ ಅದರ ಗುರುತು ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ. 'ತೇರಿನ ನೋಟು' ಎಂದು ಅವರೇ ಹೆಸರಿಟ್ಟರು. ತೇರು ಕಂಡರೆ ಐವತ್ತು. ಬಣ್ಣದ ಮಾತನ್ನು ನಾವು ಪೂರ್ತಿ ಕೈಬಿಟ್ಟೆವು.

ಚಿಲ್ಲರೆ ಎಣಿಸಲು ಬಾರದವರಿಗೆ ಇನ್ನೊಂದು ಉಪಾಯ. ಕೊಳ್ಳಬೇಕಾದ ವಸ್ತುವಿನ ಚಿತ್ರ ಒಂದು ಚೀಟಿಯಲ್ಲಿ, ಅದರ ಕೆಳಗೆ ಅದಕ್ಕೆ ಸಾಕಾಗುವ ನೋಟಿನ ಚಿತ್ರ. ಆ ನೋಟು ಕೊಡು, ವಸ್ತು ತಗೋ, ಮರಳಿ ಬಂದ ಚಿಲ್ಲರೆಯನ್ನು ಚೀಲದ ಬೇರೆ ಕಿಸೆಗೆ ಹಾಕು. ಅದನ್ನು ಮನೆಯಲ್ಲಿ ಕೂತು ನೋಡಿದರಾಯಿತು. ಎಣಿಕೆ ಬರುವವರೆಗೆ ಕಾಯುತ್ತ ಕೂತರೆ ಕೆಲವರು ಸಾಯುವವರೆಗೂ ಅಂಗಡಿಗೆ ಹೋಗುವುದಿಲ್ಲ. ಹತ್ತರ ನಾಣ್ಯ ಮಾತ್ರ ಬಹಳ ಗೋಳು ಕೊಟ್ಟಿತು. ಹದಿನಾಲ್ಕು ವಿನ್ಯಾಸದ ಹತ್ತರ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸಾರಿ ಹೇಳಿದರೂ ನಮ್ಮ ಕಡೆಯ ಅಂಗಡಿಗಳಲ್ಲಿ ಅದನ್ನು ಮುಟ್ಟುತ್ತಿರಲಿಲ್ಲ. ನಾವು ನೀವಾದರೆ ಜಗಳ ಆಡುತ್ತೇವೆ. ಇವರು ತಮ್ಮದೇ ತಪ್ಪೆಂದು ತಿಳಿದು ತಲೆ ತಗ್ಗಿಸಿ ಮರಳುತ್ತಿದ್ದರು.

ಇಲ್ಲಿ ನನಗೆ ಮನವರಿಕೆಯಾದ ಸಂಗತಿಯೊಂದಿದೆ. ಕಲಿಸುವುದು ಅರ್ಧ ಕೆಲಸ, ಊರನ್ನು ಒಪ್ಪಿಸುವುದು ಇನ್ನರ್ಧ. ಅಂಗಡಿಯ ಕಾಕಾನ ಹತ್ತಿರ ನಾನೇ ಹೋಗಿ ಹೇಳಿದೆ: 'ಅಂವ ಬಂದಾಗ ಅಂವನ ಕೂಡನ ಮಾತಾಡ್ರಿ, ಹಿಂದ ನಿಂತ ನನ್ನ ಮಾರಿ ನೋಡಬ್ಯಾಡ್ರಿ.' ಕಾಕಾ ಒಳ್ಳೆಯವರು. ಮೊದಮೊದಲು ದುಡ್ಡು ತೆಗೆದುಕೊಳ್ಳದೆ ಒಂದು ಪೇಪರಮಿಂಟು ಕೊಟ್ಟು ಕಳಿಸುತ್ತಿದ್ದರು. ಅದನ್ನೂ ಬೇಡ ಎಂದೆ. ದಾನ ಬೇಡ, ವ್ಯಾಪಾರ ಮಾಡಿ ಎಂದೆ. ದಿನ ಕಳೆದಂತೆ ಆ ಮನುಷ್ಯ ನನಗಿಂತ ಚೆನ್ನಾಗಿ ಕಲಿಸತೊಡಗಿದರು. ಗಿರಾಕಿಗಳು ಗದ್ದಲ ಮಾಡಿದರೆ 'ತಡೀರಿ, ಅಂವ ಮೊದಲ ಬಂದಾನು' ಎಂದು ಸಾಲಿನಲ್ಲಿ ಅವನ ಪಾಳಿ ಕಾಯುತ್ತಿದ್ದರು. ಒಂದು ಊರಿನಲ್ಲಿ ಮನುಷ್ಯ ಮನುಷ್ಯನೆಂದು ಎಣಿಸಿಕೊಳ್ಳುವ ಜಾಗಗಳಲ್ಲಿ ಕಿರಾಣಿ ಅಂಗಡಿಯ ಸಾಲೂ ಒಂದು ಎಂದು ನಾನು ನಂಬುತ್ತೇನೆ.

ಹೆಣ್ಣುಮಕ್ಕಳ ತಾಯಂದಿರು ಬಾಗಿಲು ಹಾಕಿಕೊಂಡು ಕೇಳುತ್ತಿದ್ದ ಒಂದು ಪ್ರಶ್ನೆ ಇತ್ತು. 'ತಿಂಗಳಾ ತಿಂಗಳಾ ಇದರ ಗೋಳ ನೋಡಾಕಾಗಂಗಿಲ್ರಿ. ಗರ್ಭಚೀಲಾ ತಗಿಸಿಬಿಡೂಣೇನ್ರಿ?' ಕೇಳುವ ತಾಯಿಯ ಕಣ್ಣಲ್ಲಿ ನೀರಿರುತ್ತಿತ್ತು, ಆ ಪ್ರಶ್ನೆಯ ಹಿಂದೆ ಹೇಳಲಾಗದ ಇನ್ನೊಂದು ಭಯವೂ ಇರುತ್ತಿತ್ತು. 1994ರಲ್ಲಿ ಪುಣೆಯಲ್ಲಿ, ಶಿರೂರಿನ ಸರ್ಕಾರಿ ವಸತಿ ಶಾಲೆಯ ಬುದ್ಧಿಮಾಂದ್ಯ ಹೆಣ್ಣುಮಕ್ಕಳಿಗೆ ಇದೇ ಕಾರಣ ಹೇಳಿ ಗರ್ಭಕೋಶ ತೆಗೆಸಿದ್ದರು. ಮಹಿಳಾ ಸಂಘಟನೆಗಳು ಬೀದಿಗಿಳಿದವು, ದೇಶವೆಲ್ಲ ಚರ್ಚೆಯಾಯಿತು. ಪುಣೆ ನಮಗೆ ದೂರದ ಊರಲ್ಲ. ನಮ್ಮ ಸೀಮೆಯ ಜನ ದವಾಖಾನೆಗೆಂದು ಮಿರಜ, ಸಾಂಗ್ಲಿಯ ದಾರಿ ಹಿಡಿಯುವವರು. ನಾನು ಆ ತಾಯಂದಿರಿಗೆ ಕಾನೂನು ಹೇಳುವುದಕ್ಕಿಂತ ಮೊದಲು ಹೇಳಿದ್ದು ಇಷ್ಟೇ: ಇದೂ ಕಲಿಯುವ ವಿಷಯ. ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆ, ಕೆಟ್ಟ ಕೈ ನಿಲ್ಲುವುದಿಲ್ಲ. ಕೆಟ್ಟ ಕೈ ನಿಲ್ಲಬೇಕಾದರೆ ಮಗಳಿಗೆ ಬೇಡ ಎನ್ನಲು ಬರಬೇಕು, ಓಡಿ ಬಂದು ಹೇಳಲು ಬರಬೇಕು, ಹೇಳಿದ್ದನ್ನು ಮನೆಯವರು ನಂಬಬೇಕು.

ಕಲಿಸಿದ್ದು ಹೀಗೆ. ಒಂದೇ ಜಾಗದಲ್ಲಿ, ಒಂದೇ ಬಣ್ಣದ ಚೀಲದಲ್ಲಿ ಪ್ಯಾಡು. ಚಡ್ಡಿಯ ಮೇಲೆ ಪ್ಯಾಡಿನ ಆಕಾರವನ್ನು ದಾರದಿಂದ ಹೊಲಿದು ಗುರುತು ಮಾಡಿದೆವು, ಎಲ್ಲಿ ಅಂಟಿಸಬೇಕೆಂದು ಕಣ್ಣಿಗೆ ಕಾಣಲಿ ಎಂದು. ಮುಟ್ಟಾದಾಗ ಕಲಿಸಲು ಹೋದರೆ ಗಾಬರಿ. ಅದಕ್ಕೆ ಮುಟ್ಟಿಲ್ಲದ ದಿನಗಳಲ್ಲೇ, ಪ್ಯಾಡಿನ ಮೇಲೆ ಕುಂಕುಮದ ನೀರು ಹನಿಸಿ ಅಭ್ಯಾಸ ಮಾಡಿಸಿದೆವು. ಅಕ್ಕನೋ, ನೆಗೆಣ್ಣಿಯೋ ಜತೆಗೆ ಕೂತು ತೋರಿಸಿದರೆ ಎಲ್ಲ ಪಾಠಗಳಿಗಿಂತ ಇದೇ ಬೇಗ ಹತ್ತುತ್ತದೆ. ನಾನು ಕಂಡ ಯಾವ ಮನೆಯಲ್ಲೂ ಆಮೇಲೆ ಆ ಪ್ರಶ್ನೆ ಮತ್ತೆ ಏಳಲಿಲ್ಲ.

ಬಸ್ಸಿನ ವಿಷಯ ಚಿಕ್ಕದು, ಆದರೂ ಹೇಳಬೇಕು. ಓದಲು ಬಾರದವರಿಗೆ ಅಕ್ಷರಮಾಲೆ ಕಲಿಸುತ್ತ ಕೂರಲಿಲ್ಲ. ಫಲಕದ ಮೇಲಿನ ಒಂದು ಊರಿನ ಹೆಸರು, ಅದರ ಪೂರ್ತಿ ರೂಪ ಕಣ್ಣಿಗೆ ಹತ್ತಿದರೆ ಸಾಕು. ಮುಗಳಖೋಡ ಎಂಬ ಐದಕ್ಷರವನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಕೊಟ್ಟೆವು. ಯಲ್ಲಾಲಿಂಗ ಮಠಕ್ಕೆ ಹೋಗುವ ಆಸೆ ಎಲ್ಲರಿಗೂ ಇದ್ದದ್ದೇ, ಹಾಗಾಗಿ ಕಲಿಯಲು ಬೇರೆ ಆಮಿಷ ಬೇಕಾಗಲಿಲ್ಲ. ವಿಕಲಚೇತನರ ರಿಯಾಯಿತಿ ಪಾಸು ವಾಸದ ಊರಿನಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ. ಆದರೆ ಅದು ಮನೆಯ ಟ್ರಂಕಿನಲ್ಲಿ ಭದ್ರವಾಗಿ ಇರುತ್ತಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಇನ್ನೊಂದು ಲಾಭವಾಯಿತು. ದುಡ್ಡು ಕೊಡಬೇಕಿಲ್ಲ, ಆದರೆ ಕಂಡಕ್ಟರ್ ಎಲ್ಲಿಗೆ ಎಂದು ಕೇಳುತ್ತಾನೆ, ಊರಿನ ಹೆಸರು ಹೇಳಿದರೇ ಶೂನ್ಯ ಟಿಕೆಟ್ ಕೈಗೆ. ಮನೆಯ ಹೊರಗೆ ಬಾಯಿಯನ್ನೇ ಬಿಡದಿದ್ದ ಒಬ್ಬಾಕೆ ತುಂಬಿದ ಬಸ್ಸಿನಲ್ಲಿ 'ಹಾರೂಗೇರಿ' ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. ಸೀಟಿನಲ್ಲಿ ಕೂತು ಆ ಚೀಟಿಯನ್ನು ನನಗೆ ತೋರಿಸಿದಳು. ನನ್ನ ಕೈಯಲ್ಲೂ ಅಂಥದ್ದೇ ಚೀಟಿ ಇತ್ತು.

ಕಾಗದ ಪತ್ರಗಳ ಜಗಳ ದೊಡ್ಡದು. ಶೇಕಡಾ 40ರ ಪ್ರಮಾಣಪತ್ರ ಸಿಕ್ಕರೆ ಸೌಲಭ್ಯಗಳ ಬಾಗಿಲು ತೆರೆಯುತ್ತದೆ, ಮಾಸಾಶನ ಬರುತ್ತದೆ. ನಮ್ಮ ಕಡೆ ಅದಕ್ಕೂ ಪಗಾರ ಎಂದೇ ಹೇಳುತ್ತಾರೆ. ಮನೆಯವರಿಗೆ ಒಂದು ಭಯ: 'ಎಲ್ಲಾ ಕಲತ್ರ ಪಗಾರ ಬಂದ್ ಮಾಡ್ತಾರೇನ್ರಿ?' ಈ ಭಯದಿಂದಲೇ ಕೆಲವರು ಮಕ್ಕಳನ್ನು ಕಳಿಸುವುದನ್ನು ಬಿಟ್ಟರು. ರೊಟ್ಟಿ ಬಡಿಯಲು ಕಲಿತ ಮಾತ್ರಕ್ಕೆ ಯಾರದ್ದೂ ಪಗಾರ ನಿಂತದ್ದನ್ನು ನಾನು ನೋಡಿಲ್ಲ. ಉದ್ಯೋಗ ಖಾತ್ರಿಯಲ್ಲಿ ನಮ್ಮ ರಾಜ್ಯ ವಿಕಲಚೇತನರಿಗೆ ಅರ್ಧ ಅಳತೆಯ ಕೆಲಸಕ್ಕೆ ಪೂರ್ತಿ ಕೂಲಿ ಕೊಟ್ಟದ್ದು ಬಹಳ ದೊಡ್ಡ ಉಪಕಾರ. ಒಡ್ಡು ಹಾಕುವಲ್ಲಿ ಮಣ್ಣು ಹೊತ್ತ ಇಬ್ಬರ ಹೆಸರಿನಲ್ಲಿ ಖಾತೆ ತೆರೆದವು. ಆಸ್ತಿ ಹೊಂದುವ, ತನ್ನ ದುಡ್ಡನ್ನು ತಾನೇ ನೋಡಿಕೊಳ್ಳುವ ಹಕ್ಕು ಎಲ್ಲರಂತೆ ಇವರಿಗೂ ಇದೆ ಎಂದು 2016ರ ಕಾಯ್ದೆ ಹೇಳುತ್ತದೆ. ಅದು ಸಾಧ್ಯವೇ ಇಲ್ಲದವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸಮಿತಿ ಪಾಲಕರನ್ನು ನೇಮಿಸುತ್ತದೆ. ಮಕ್ಕಳಿಗೆ ಹದಿನೆಂಟು ತುಂಬಿದ ಮೇಲೆ ಹೆತ್ತವರೂ ಕಾನೂನಿನ ಲೆಕ್ಕದಲ್ಲಿ ತಾವಾಗಿ ಪಾಲಕರಲ್ಲ ಎನ್ನುವುದು ಎಷ್ಟೋ ತಂದೆ ತಾಯಿಗೆ ಗೊತ್ತೇ ಇರಲಿಲ್ಲ.

'ನಾವ್ ಹ್ವಾದ ಮ್ಯಾಲೆ ಹೆಂಗ್ರಿ?' ಇದು ಎಲ್ಲ ಮನೆಯಲ್ಲೂ ಕೇಳಿದ ಮಾತು. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಕೈ ತೋರಿಸಿ, ಅಗೋ ಅಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ಹೇಳಬಹುದಾದ ಮನೆ ನಮ್ಮ ಓಣಿಗಳ ಹತ್ತಿರ ಇಲ್ಲ. ಆಗಬೇಕು, ತಾಲೂಕಿಗೊಂದಾದರೂ ಆಗಬೇಕು. ಗ್ರಾಮ ಪಂಚಾಯಿತಿಯ ಶೇಕಡಾ 5ರ ನಿಧಿ ವಿಕಲಚೇತನರಿಗೆಂದೇ ಮೀಸಲಿದೆ. ಅದರಲ್ಲಿ ಗಾಲಿಕುರ್ಚಿ, ಊರುಗೋಲು ಹಂಚುತ್ತಾರೆ, ಅವೂ ಬೇಕು. ಆದರೆ ಬುದ್ಧಿಮಾಂದ್ಯರಿಗೆ ಬೇಕಾದದ್ದು ವಸ್ತುವಲ್ಲ, ಜತೆಗೆ ಕೂತು ಕಲಿಸುವ ಒಬ್ಬ ಮನುಷ್ಯ. ವಾರಕ್ಕೆರಡು ದಿನ ಕಲಿಸುವ ಒಬ್ಬರ ಕೂಲಿಯನ್ನು ಆ ನಿಧಿಯಿಂದ ಕೊಡಿ ಎಂದು ನಾನು ಸಿಕ್ಕ ಸಿಕ್ಕ ಸದಸ್ಯರಿಗೆಲ್ಲ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ಆಡು ಕಾಯುವವನ ಮಾತು ಉಳಿಯಿತು. ಮಣ್ಣು ಹೊತ್ತ ಕೂಲಿಯ ದುಡ್ಡಿನಲ್ಲಿ ಅವನು ಒಂದು ಮರಿ ಕೊಂಡಿದ್ದ, ಅದು ಬೆಳೆದು ಕೊಬ್ಬಿದ ಹೋತವಾಗಿತ್ತು. ಬಕ್ರೀದ್ ಹತ್ತಿರವಾದಾಗ ವ್ಯಾಪಾರಿಗಳು ಮನೆ ಬಾಗಿಲಿಗೇ ಬರುತ್ತಾರೆ. ಅಣ್ಣ ರೊಕ್ಕ ಮಾತಾಡಿ ಮುಗಿಸಿದ್ದ. ಇವನು ಹಗ್ಗ ಬಿಡಲಿಲ್ಲ. 'ನಂದು, ಕೊಡಂಗಿಲ್ಲ' ಎಂದು ಕೂತುಬಿಟ್ಟ. ಅಣ್ಣ ನನ್ನ ಮುಂದೆ ಬಂದು ಸಿಟ್ಟಿನಿಂದಲೇ ಹೇಳಿದ, 'ನೀವ್ ಕಲಸಿದ್ದು ಇದನ್ನ ಏನ್ರಿ ಅಕ್ಕೋರ?' ಹೌದು ಎಂದೆ. ಇದನ್ನೇ ಕಲಿಸಿದ್ದು. ಇನ್ನು ಮಾರುವುದನ್ನೂ ಅವನಿಗೇ ಬಿಡು ಎಂದೆ. ಅಣ್ಣ ಕೆಟ್ಟವನಲ್ಲ, ಆ ಮನೆಯ ಭಾರವೆಲ್ಲ ಹೊತ್ತವನು. ಒಂದು ವಾರ ಮಾತಾಡಲಿಲ್ಲ.

ಮುಂದಿನ ವ್ಯಾಪಾರಿ ಬಂದಾಗ ನಾನು ಅಲ್ಲೇ ಇದ್ದೆ. ಅಣ್ಣ ತಮ್ಮನನ್ನು ಕೂರಿಸಿಕೊಂಡೇ ದರ ಮಾತಾಡಿದ, ಒಂದೊಂದು ಸಲ ದರ ಏರಿದಾಗಲೂ 'ಹೂಂ ಅಂತೀಯೋ, ಊಹೂಂ ಅಂತೀಯೋ' ಎಂದು ಅವನನ್ನೇ ಕೇಳಿದ. ಹೂಂ ಎಂದ ಮೇಲೆ ವ್ಯಾಪಾರಿ ರೂಢಿಯಂತೆ ನೋಟಿನ ಕಟ್ಟನ್ನು ಅಣ್ಣನ ಕಡೆಗೇ ಚಾಚಿದ. ಅಣ್ಣ ಕೈ ಮುಂದೆ ಮಾಡಲಿಲ್ಲ. 'ಅಂವನ ಕಡೆ ಕೊಡ್ರಿ. ಹೋತ ಅಂವಂದು.' ಅವನು ರಟ್ಟಿನ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ನೋಟನ್ನು ಎಡಕ್ಕೆ ತಾಗಿಸಿ, ಗೆರೆ ನೋಡಿ, ಪಕ್ಕಕ್ಕೆ ಇಡತೊಡಗಿದ. ಹೊರಗೆ ಗಾಡಿ ಚಾಲೂ ಇಟ್ಟೇ ಬಂದಿದ್ದ ವ್ಯಾಪಾರಿ ಹೊತ್ತಾಯಿತೆಂದು ಚಡಪಡಿಸಿದ. 'ಎಣಸಲಿ ಬಿಡ್ರಿ' ಎಂದ ಅಣ್ಣ.

ಆ ದುಡ್ಡಿನಲ್ಲಿ ಎರಡು ಮರಿ ಬಂದವು, ಒಂದು ಕೈಗಡಿಯಾರವೂ ಬಂತು. ವೇಳೆ ನೋಡಲು ಅವನಿಗೆ ಬರುವುದಿಲ್ಲ. ಮುಂದಿನ ಭಾನುವಾರ ಅದನ್ನೇ ಹಿಡಿದೆವು, ಮುಗಳಖೋಡದ ಬಸ್ಸು ಬರುವ ಹೊತ್ತಿಗೆ ಸಣ್ಣ ಮುಳ್ಳು ಎಲ್ಲಿರುತ್ತದೆ ಎಂಬಲ್ಲಿಂದ.